ಬಣ್ಣದ ಪಾಠಶೋಧನೆ: ಪ್ರೊಕುದಿನ್-ಗೋರ್ಸ್ಕಿಯ ಗಾಜಿನ ಫಲಕಗಳನ್ನು ಕುರಿತು

ಛಾಯಾಚಿತ್ರವು ಕಂಡದ್ದನ್ನು ಕಂಡಂತೆ ಹಿಡಿದಿಡುವ ಸಾಧನವೆಂಬ ನಂಬಿಕೆ ಬಹುಕಾಲದಿಂದ ರೂಢಿಯಲ್ಲಿದೆ. ಆದಕಾರಣ ಗಣಕಯಂತ್ರದ ತಂತ್ರಾಂಶದಿಂದ ಅದರ ಬಣ್ಣವನ್ನು ತಿದ್ದುವುದು ಕೆಲವರಿಗೆ ಅಪಚಾರವಾಗಿ ತೋರುತ್ತದೆ; ಮತ್ತೆ ಕೆಲವರಿಗೆ ಅದು ಕೇವಲ ಅಲಂಕಾರ, ವಿಚಾರಕ್ಕೆ ಅರ್ಹವಾದ ವಿಷಯವೇ ಅಲ್ಲ. ಈ ಎರಡು ಅಭಿಪ್ರಾಯಗಳೂ ನಮಗೆ ಸಮ್ಮತವಾಗಿಲ್ಲ. ಬಣ್ಣ ತಿದ್ದುವ ಕೆಲಸವು ಸ್ವರೂಪದಲ್ಲಿ ಗ್ರಂಥಸಂಪಾದನೆಯನ್ನೇ ಹೋಲುತ್ತದೆ. ಅದರ ಗುಣದೋಷಗಳನ್ನು ಆ ಶಾಸ್ತ್ರದ ನಿಯಮಗಳಿಂದಲೇ ಪರೀಕ್ಷಿಸಬೇಕು ಎಂಬುದು ಪ್ರಕೃತ ಲೇಖನದ ಪ್ರತಿಪಾದ್ಯ.

ಮೊದಲು ಡಿಜಿಟಲ್ ಕ್ಯಾಮೆರಾದ ಕಾರ್ಯರೀತಿಯನ್ನು ಗಮನಿಸೋಣ. ಬಹುಪಾಲು ಕ್ಯಾಮೆರಾಗಳಲ್ಲಿ ಬೆಳಕನ್ನು ಗ್ರಹಿಸುವ ಫಲಕದ ಒಂದೊಂದು ಬಿಂದುವೂ ಕೆಂಪು, ಹಸಿರು, ನೀಲಿ ಈ ಮೂರರಲ್ಲಿ ಒಂದನ್ನು ಮಾತ್ರ ಅಳೆಯುತ್ತದೆ. ಕೊಡಕ್ ಸಂಸ್ಥೆಯ ಬ್ರೈಸ್ ಬೇಯರ್ ಅವರಿಗೆ ೧೯೭೬ರಲ್ಲಿ ಪೇಟೆಂಟ್ ದೊರೆತ ಈ ವಿನ್ಯಾಸದಲ್ಲಿ ಅರ್ಧದಷ್ಟು ಬಿಂದುಗಳು ಹಸಿರಿಗೂ, ಕಾಲುಭಾಗ ಕೆಂಪಿಗೂ, ಕಾಲುಭಾಗ ನೀಲಿಗೂ ಮೀಸಲು. ಪ್ರತಿ ಬಿಂದುವಿನಲ್ಲಿ ಇಲ್ಲದ ಎರಡು ಬಣ್ಣಗಳನ್ನು ನೆರೆಯ ಬಿಂದುಗಳಿಂದ ಗುಣಿಸಿ ತುಂಬಲಾಗುತ್ತದೆ. ಎಂದಮೇಲೆ ನಾವು ಪರದೆಯ ಮೇಲೆ ನೋಡುವ ಬಣ್ಣದ ಮೌಲ್ಯಗಳಲ್ಲಿ ಮೂರರಲ್ಲಿ ಎರಡು ಪಾಲು ಲೆಕ್ಕದಿಂದ ಬಂದ ಊಹೆ. ಅನಂತರ ದೀಪದ ಹಳದಿಯನ್ನೋ ನೆರಳಿನ ನೀಲಿಯನ್ನೋ ಕಳೆಯುವುದಕ್ಕಾಗಿ ಕೆಂಪು ನೀಲಿಗಳನ್ನು ಹಸಿರಿಗೆ ಹೋಲಿಸಿ ಏರಿಳಿಸಲಾಗುತ್ತದೆ. ತಿದ್ದದಿರುವ ಡಿಜಿಟಲ್ ವರ್ಣಚಿತ್ರವೆಂಬುದು ಹೀಗಾಗಿ ಇಲ್ಲವೇ ಇಲ್ಲ. ಉಳಿಯುವ ಪ್ರಶ್ನೆ ಒಂದೇ: ತಿದ್ದಿದವರು ಯಾವ ಆಧಾರದ ಮೇಲೆ ತಿದ್ದಿದರು?

ಈ ಪ್ರಶ್ನೆಗೆ ಅತ್ಯಂತ ಉಚಿತವಾದ ನಿದರ್ಶನವು ಸೆರ್ಗೇಯ್ ಮಿಖಾಯ್ಲೊವಿಚ್ ಪ್ರೊಕುದಿನ್-ಗೋರ್ಸ್ಕಿಯ (೧೮೬೩–೧೯೪೪) ಚಿತ್ರಸಂಗ್ರಹ. ಚಕ್ರವರ್ತಿ ಎರಡನೆಯ ನಿಕೊಲಾಸನ ಆಶ್ರಯದಲ್ಲಿ ಸುಮಾರು ೧೯೦೯ರಿಂದ ೧೯೧೫ರವರೆಗೆ ಈತನು ರಷ್ಯಾ ಸಾಮ್ರಾಜ್ಯವನ್ನು ಸುತ್ತಿದನು. ಒಂದೇ ಗಾಜಿನ ಫಲಕದ ಮೇಲೆ ಒಂದರ ಕೆಳಗೊಂದರಂತೆ, ನೀಲಿ ಹಸಿರು ಕೆಂಪು ಗಾಜುಗಳ ಮೂಲಕ, ಕ್ರಮವಾಗಿ ಮೂರು ಕಪ್ಪುಬಿಳುಪಿನ ಚಿತ್ರಗಳನ್ನು ತೆಗೆಯುವುದು ಆತನ ವಿಧಾನ. ಫಲಕದ ಮೇಲೆ ಬಣ್ಣವಿಲ್ಲ. ಆದರೆ ಬಣ್ಣದ ಸಾಕ್ಷ್ಯವಿದೆ. ೧೯೧೧ರಲ್ಲಿ ತೆಗೆದ ಬುಖಾರಾದ ಅಮೀರ ಆಲಿಂ ಖಾನನ ಚಿತ್ರದಲ್ಲಿ ನಿಲುವಂಗಿ ನೀಲಿಯೆಂಬುದು ಯಾರ ಕಲ್ಪನೆಯೂ ಅಲ್ಲ, ಮೂರು ಚಿತ್ರಗಳ ತಾರತಮ್ಯದಿಂದಲೇ ಸಿದ್ಧವಾಗುವ ಸಂಗತಿ. ಅದು ಎಷ್ಟು ಗಾಢವಾದ ನೀಲಿ ಎಂಬುದು ಮಾತ್ರ ಸಂಪಾದಕನ ವಿವೇಕಕ್ಕೆ ಬಿಟ್ಟದ್ದು.

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಈ ಸಂಗ್ರಹವನ್ನು ೧೯೪೮ರಲ್ಲಿ ಆತನ ವಾರಸುದಾರರಿಂದ ಕೊಂಡಿತು. ಅದರಲ್ಲಿ ೧,೯೦೨ ಫಲಕಗಳಿವೆ. ಇವುಗಳಿಂದ ಎರಡು ‘ಆವೃತ್ತಿ’ಗಳು ಹೊರಟವು. ೨೦೦೧ರ ಪ್ರದರ್ಶನಕ್ಕಾಗಿ ವಾಲ್ಟರ್ ಫ್ರಾಂಕ್‌ಹೌಸರ್ ಅವರು ೧೨೨ ಚಿತ್ರಗಳನ್ನು ಕೈಯಿಂದ ಹೊಂದಿಸಿ, ಅಂಚುಗಳನ್ನು ಕತ್ತರಿಸಿ, ಬಣ್ಣದ ಸಮತೋಲವನ್ನು ಸರಿಪಡಿಸಿ, ಕೆಟ್ಟ ಭಾಗಗಳನ್ನು ಬಿಡಿಬಿಡಿಯಾಗಿ ತಿದ್ದಿದರು. ೨೦೦೪ರಲ್ಲಿ ಬ್ಲೇಸ್ ಅಗ್ವೇರಾ ಇ ಆರ್ಕಾಸ್ ಅವರು ರಚಿಸಿದ ಕ್ರಮವಿಧಿಯಿಂದ ಗಣಕಯಂತ್ರವೇ ಎಲ್ಲ ಫಲಕಗಳನ್ನೂ ಹೊಂದಿಸಿತು.

ಸೌಂದರ್ಯದಲ್ಲಿ ಮೊದಲನೆಯದು ಮೇಲೆಂಬುದರಲ್ಲಿ ಸಂದೇಹವಿಲ್ಲ. ಎರಡನೆಯದರಲ್ಲಿ ಅಂಚುಗಳು ಹರಿದ ಪಟ್ಟಿಗಳಂತೆ ಉಳಿದಿವೆ, ಗಾಜಿನ ಕಲೆಗಳು ಬಣ್ಣಬಣ್ಣದ ಚುಕ್ಕೆಗಳಾಗಿ ಮಿನುಗುತ್ತವೆ. ಆದರೆ ಅಧ್ಯಯನಕ್ಕೆ ಕುಳಿತವನು ಎರಡನೆಯದನ್ನೇ ಮೊದಲು ತೆರೆಯಬೇಕೆಂದು ನಮ್ಮ ಸಲಹೆ. ಕಾರಣವನ್ನು ಒಂದು ಉದಾಹರಣೆಯಿಂದ ಹೇಳಬಹುದು. ಹರಿಯುವ ನೀರಿನ ಚಿತ್ರಗಳಲ್ಲಿ ಅಲೆಗಳ ಮೇಲೆ ಕೆಂಪು, ಹಸಿರು, ನೀಲಿಯ ಗೆರೆಗಳು ಕಾಣುತ್ತವೆ. ನೋಟಕ್ಕೆ ಇವು ದೋಷ. ವಾಸ್ತವದಲ್ಲಿ ಇವು ಮೂರು ಚಿತ್ರಗಳ ನಡುವೆ ಕಾಲ ಸರಿಯಿತೆಂಬುದಕ್ಕೆ, ನೀರು ಆಗಲೂ ಹರಿಯುತ್ತಿತ್ತೆಂಬುದಕ್ಕೆ ಪ್ರಮಾಣ. ಅವನ್ನು ಅಳಿಸಿದರೆ ಚಿತ್ರವು ಶುದ್ಧವಾಗುತ್ತದೆ, ಸಾಕ್ಷ್ಯವು ನಷ್ಟವಾಗುತ್ತದೆ. ಹಾಗೆಯೇ ಸುಣ್ಣದ ಗೋಡೆಯೊಂದನ್ನು ಅಚ್ಚಬಿಳುಪೆಂದು ಹಿಡಿದು ಉಳಿದ ಬಣ್ಣಗಳನ್ನು ಅದಕ್ಕೆ ಸರಿಹೊಂದಿಸುವವನು, ಗೋಡೆಯ ಮೇಲೆ ಬಿದ್ದಿದ್ದುದು ಸಂಜೆಯ ಬಿಸಿಲಾಗಿದ್ದರೆ, ಸಂಜೆಯನ್ನೇ ಚಿತ್ರದಿಂದ ಹೊರಗೆ ಹಾಕಿದಂತಾಗುತ್ತದೆ. ತನಗೆ ಅಪರಿಚಿತವಾದ ರೂಪವನ್ನು ಅಪಪಾಠವೆಂದು ಬಗೆದು ತಿದ್ದಿದ ಲಿಪಿಕಾರನ ತಪ್ಪೂ ಇದೇ ಜಾತಿಯದು.

ಫ್ರಾಂಕ್‌ಹೌಸರ್ ಅವರ ಶ್ರಮವನ್ನು ಇದರಿಂದ ನಾವು ಹಳಿಯುತ್ತಿಲ್ಲ. ಆ ಗ್ರಂಥಾಲಯವು ತನ್ನ ವಿಧಾನವನ್ನು ವಿವರಿಸಿದೆ. ಮೂರು ಚಿತ್ರಗಳ ಮೂಲಪ್ರತಿಯನ್ನೂ ಸಾರ್ವಜನಿಕರ ಮುಂದಿಟ್ಟಿದೆ. ಯಾರು ಬೇಕಾದರೂ ಮೂಲಕ್ಕೆ ಹೋಗಿ ಪಾಠವನ್ನು ತಾಳೆ ನೋಡಬಹುದು. ಸಂಪಾದಕನಿಂದ ನಾವು ನಿರೀಕ್ಷಿಸತಕ್ಕದ್ದು ಇಷ್ಟೇ.

ನಮ್ಮಲ್ಲಿಯ ಒಂದು ನಿದರ್ಶನ ಇದಕ್ಕಿಂತ ಭಿನ್ನವಾದದ್ದು. ಹುಣಸೂರು ಕೃಷ್ಣಮೂರ್ತಿಯವರ ‘ಸತ್ಯ ಹರಿಶ್ಚಂದ್ರ’ (೧೯೬೫) ಕಪ್ಪುಬಿಳುಪಿನ ಚಲನಚಿತ್ರ. ೨೦೦೮ರಲ್ಲಿ ಅದಕ್ಕೆ ಗಣಕಯಂತ್ರದಿಂದ ಬಣ್ಣ ಕೊಟ್ಟು ಮತ್ತೆ ತೆರೆಗೆ ತರಲಾಯಿತು. ಕಪ್ಪುಬಿಳುಪಿನ ಫಿಲಂ ಬೆಳಕಿನ ಪ್ರಮಾಣವನ್ನಷ್ಟೇ ದಾಖಲಿಸುತ್ತದೆ. ಚಂದ್ರಮತಿಯ ಸೀರೆ ಕೆಂಪೋ ಹಸಿರೋ ಎಂಬುದಕ್ಕೆ ಅದರಲ್ಲಿ ಆಧಾರವಿಲ್ಲ. ಇದು ಪಾಠಶೋಧನೆಯಲ್ಲ, ಹೊಸ ರಚನೆ. ಹೊಸ ಪ್ರೇಕ್ಷಕರನ್ನು ಹಳೆಯ ಕೃತಿಗೆ ಕರೆತರಲು ಅದು ನೆರವಾಗಬಹುದು. ಆ ಮಟ್ಟಿಗೆ ಅದು ಸ್ವಾಗತಾರ್ಹ. ಮೂಲದ ಸ್ಥಾನದಲ್ಲಿ ಅದನ್ನು ಕೂರಿಸಿದರೆ ಮಾತ್ರ ಅದು ಪ್ರಕ್ಷೇಪವಾಗುತ್ತದೆ.

ಈ ವಿವೇಚನೆ ನಮ್ಮಂಥವರಿಗೆ ದೂರದ ಮಾತಲ್ಲ. ಇಂದು ಓಲೆಗರಿಗಳನ್ನು ಛಾಯಾಚಿತ್ರಗಳ ಮೂಲಕವೇ ಓದುವವರು ಹೆಚ್ಚು. ಮಾಸಿದ ಅಕ್ಷರಗಳು ಎದ್ದು ಕಾಣಲೆಂದು ಬಣ್ಣವನ್ನೆಲ್ಲ ಕಳೆದು ಕಪ್ಪುಬಿಳುಪುಗಳ ಅಂತರವನ್ನು ಹೆಚ್ಚಿಸುವುದು ವಾಡಿಕೆ. ಹಾಗೆ ಮಾಡಿದಾಗ ಹುಳು ಕೊರೆದ ರಂಧ್ರವೂ ಬರೆದ ಸೊನ್ನೆಯೂ ಒಂದೇ ಕಪ್ಪಾಗಿ ತೋರಬಹುದು. ರಂಧ್ರದಲ್ಲಿ ಕಾಣುವುದು ಗರಿಯ ಹಿಂದಿನ ಹಾಸಿನ ಬಣ್ಣ, ಸೊನ್ನೆಯೊಳಗೆ ಕಾಣುವುದು ಗರಿಯ ಬಣ್ಣ. ಎರಡನ್ನೂ ಬೇರ್ಪಡಿಸುತ್ತಿದ್ದ ಸಾಕ್ಷಿ ನಾವು ಕಳೆದ ಬಣ್ಣವೇ. ಇಲ್ಲದ ಸೊನ್ನೆಯೊಂದು ಸೇರಿದರೆ ಪದ ಬೇರೆಯಾಗುತ್ತದೆ, ಛಂದಸ್ಸು ಕೆಡುತ್ತದೆ, ಮುಂದಿನ ಸಂಪಾದಕನು ಅದಕ್ಕೊಂದು ಅರ್ಥವನ್ನು ಹುಡುಕಲು ತೊಡಗುತ್ತಾನೆ.

ಡಿ. ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ ಓಲೆಗಳಿಗಾಗಿ ವಿವರಿಸಿದ ಶಾಸ್ತ್ರವು ಓಲೆಯ ಚಿತ್ರಕ್ಕೂ ಸಲ್ಲತಕ್ಕದ್ದೆಂದು ನಾವು ಭಾವಿಸುತ್ತೇವೆ. ಕ್ಯಾಮೆರಾ ಕೊಟ್ಟ ಮೂಲಕಡತವನ್ನು ಮುಟ್ಟದೆ ಕಾಪಾಡಬೇಕು. ಅಳತೆ ತಿಳಿದ ಬೂದುಬಣ್ಣದ ಪಟ್ಟಿಯೊಂದನ್ನು ಗರಿಯ ಪಕ್ಕದಲ್ಲಿಟ್ಟು ಚಿತ್ರ ತೆಗೆಯಬೇಕು. ತಿದ್ದುಪಡಿಯನ್ನು ಪ್ರತಿಯ ಮೇಲೆ ಮಾತ್ರ ಮಾಡಿ, ಏನನ್ನು ಎಷ್ಟು ತಿದ್ದಿದೆಯೆಂದು ಚಿತ್ರದೊಡನೆಯೇ ಬರೆದಿಡಬೇಕು. ಅಡಿಟಿಪ್ಪಣಿಯಿಲ್ಲದ ಪಾಠವನ್ನು ಒಪ್ಪದ ವಿದ್ವಾಂಸರು ಟಿಪ್ಪಣಿಯಿಲ್ಲದ ಬಣ್ಣವನ್ನು ಒಪ್ಪುವುದು ಯುಕ್ತವಲ್ಲ.