ತಕ್ಕಡಿ ನಂಬಿ ಕೆಟ್ಟೆ
ಬ್ಯಾಟ್ ಭಾರ ಅನ್ನಿಸ್ತಿದೆ ಅಂತ ಬಡಗಿ ಹತ್ತಿರ ಅದರ ಬೆನ್ನು ಹೆರೆಸಿದೆ. ತಕ್ಕಡಿಯಲ್ಲಿ ಹಗುರಾಯ್ತು, ಸರಿ. ಆದ್ರೆ ಚೆಂಡು ಬಡಿಯುವ ಜಾಗದ ಹಿಂದೆ ಮರವೇ ಉಳಿದಿರಲಿಲ್ಲ. ಡ್ರೈವ್ ಹೊಡೆದರೆ ಕೈ ಜುಮ್ಮೆನ್ನುತ್ತಿತ್ತು, ಚೆಂಡು ಮಿಡ್ ಆಫ್ ದಾಟುತ್ತಿರಲಿಲ್ಲ.

ತೂಕ ಎಷ್ಟಿದೆ ಅಂತ ನೋಡಿದೆ, ಎಲ್ಲಿದೆ ಅಂತ ನೋಡಲಿಲ್ಲ. ಹಿಡಿಗೆ ಇನ್ನೊಂದು ರಬ್ಬರ್ ಗ್ರಿಪ್ ಏರಿಸಿದ್ದರೆ ಒಟ್ಟು ತೂಕ ಹೆಚ್ಚಿದರೂ ಭಾರ ಕೈ ಕಡೆಗೆ ಸರಿದು, ಎತ್ತೋಕೆ ಹಗುರ ಅನ್ನಿಸುತ್ತಿತ್ತು.

2017ರಲ್ಲಿ ಎಂಸಿಸಿ ಬ್ಯಾಟಿನ ಅಂಚಿಗೆ 40, ಒಟ್ಟು ದಪ್ಪಕ್ಕೆ 67 ಮಿಲಿಮೀಟರ್ ಮಿತಿ ಹಾಕಿತು. ತೂಕಕ್ಕೆ ಮಿತಿಯೇ ಇಲ್ಲ. ಅದೇ ಸರಿ ಅನ್ನುತ್ತೇನೆ. ತೆಂಡೂಲ್ಕರ್ ಭಾರದ ಬ್ಯಾಟಲ್ಲೇ ಆಡಿದರು. ಭಾರ ಹೊರುವುದು ಆಡುವವನ ಮಣಿಕಟ್ಟು ತಾನೇ?

ಹೆರೆಸೋ ಮುಂಚೆ ಗ್ರಿಪ್ ಹಾಕಿ ನೋಡಿ. ಬೇಡ ಅನ್ನಿಸಿದರೆ ಬಿಚ್ಚಬಹುದು. ಹೆರೆದ ಮರ ವಾಪಸ್ ಬರಲ್ಲ.