ರಾಜ ಸುಮ್ಮನಾದ ಆ ಒಂದು ಕತೆ

ಕಳೆದ ಮಳೆಗಾಲಕ್ಕೆ ಮುಂಚೆ ಬೈಂದೂರಿನ ಗೆಳೆಯರೊಬ್ಬರು ಹಳೆಯ ಮನೆ ಕೆಡವಲೆಂದು ಅಟ್ಟ ಖಾಲಿ ಮಾಡಿದರು. ಅಲ್ಲಿ ದಪ್ಪ ದಾರದಿಂದ ಹೊಲಿದಿಟ್ಟ ‘ಚಂದಮಾಮ’ದ ಹಳೆಯ ಸಂಚಿಕೆಗಳ ಒಂದು ಕಟ್ಟು ಸಿಕ್ಕಿತಂತೆ. “ನೀವ್ ಕಥಿ ಬರೂರ್ ಅಲ್ದಾ, ತಕಣಿ” ಎಂದು ನನ್ನ ಕೈಗಿಟ್ಟರು. ಹಾಳೆಗಳಿಗೆ ಗೆದ್ದಲು ಅಲ್ಲಲ್ಲಿ ಬಾಯಿ ಹಾಕಿತ್ತು. ಬಣ್ಣ ಮಾತ್ರ ಹಾಗೆಯೇ ಇತ್ತು. ಬೇತಾಳನ ಕತೆಗಳನ್ನು ನಾನು ಓದಿದ್ದು ಹೀಗೆ, ನಲವತ್ತು ದಾಟಿದ ಮೇಲೆ, ಮೊದಲ ಸಲ.

ಕನ್ನಡದಲ್ಲಿ ಬರೆಯುವ ಒಬ್ಬ ವ್ಯಕ್ತಿ ಹೀಗೆ ಹೇಳಿದರೆ ಯಾರೂ ನಂಬುವುದಿಲ್ಲ. ಆದರೆ ನನ್ನ ಪ್ರಾಥಮಿಕ ಶಾಲೆ ಉರ್ದುವಿನದು. ಮನೆಯಲ್ಲಿ ಅಜ್ಜಿ ಹೇಳುತ್ತಿದ್ದುದು ಅಮೀರ್ ಹಂಜಾನ ದಾಸ್ತಾನು. ಅಮರ್ ಅಯ್ಯಾರನ ಜಂಬೀಲಿನೊಳಗೆ ಇಡೀ ಊರೇ ಹಿಡಿಸುತ್ತದೆ ಎಂಬುದು ನನಗೆ ಗೊತ್ತಿತ್ತು. ಬೇತಾಳ ಯಾವ ಮರದಲ್ಲಿ ನೇತಾಡುತ್ತದೆ ಎಂಬುದು ಗೊತ್ತಿರಲಿಲ್ಲ. ಕನ್ನಡ ಹೈಸ್ಕೂಲಿಗೆ ಸೇರಿದಾಗ ಬೆನ್ನು ಬಿಡದ ಹುಡುಗನನ್ನು ಉಳಿದವರು ‘ಬೇತಾಳ’ ಎನ್ನುತ್ತಿದ್ದರು, ಗಣಿತದಲ್ಲಿ ಮೂರು ಸಲ ನಪಾಸಾದವನನ್ನು ‘ಛಲ ಬಿಡದ ತ್ರಿವಿಕ್ರಮ’ ಎನ್ನುತ್ತಿದ್ದರು. ಎಲ್ಲರೂ ನಗುವಾಗ ನಾನೂ ನಗುತ್ತಿದ್ದೆ. ಅರ್ಥವಾದದ್ದು ಈಗ.

‘ಚಂದಮಾಮ’ 1947ರಲ್ಲಿ ಮದರಾಸಿನಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಹುಟ್ಟಿತು. ನಾಗಿರೆಡ್ಡಿ ಮತ್ತು ಚಕ್ರಪಾಣಿ ಅದರ ಸ್ಥಾಪಕರು. 1949ರಲ್ಲಿ ಕನ್ನಡಕ್ಕೆ ಬಂತು. ಐವತ್ತರ ದಶಕದಲ್ಲಿ ಶುರುವಾದ ಬೇತಾಳನ ಸರಣಿ, 2010ರ ದಶಕದ ಆರಂಭದಲ್ಲಿ ಪತ್ರಿಕೆ ನಿಲ್ಲುವವರೆಗೂ ಅದರ ಮುಖ್ಯ ಗುರುತಾಗಿತ್ತು. ಇದು ಚೌಕಗಳಲ್ಲಿ ಮಾತು ತುಂಬಿದ ಕಾಮಿಕ್ಸ್ ಅಲ್ಲ, ನಿಜ. ಆದರೆ ಚಿತ್ರವನ್ನು ತೆಗೆದರೆ ಈ ಕತೆಗಳಲ್ಲಿ ಅರ್ಧ ಪ್ರಾಣವೂ ಉಳಿಯುವುದಿಲ್ಲ. ಶಂಕರ್ ಎಂದೇ ಹೆಸರಾದ ಕೆ.ಸಿ. ಶಿವಶಂಕರನ್ ಬರೆದ ಆ ಚಿತ್ರ ಎಲ್ಲರಿಗೂ ಗೊತ್ತು: ಕೈಯಲ್ಲಿ ಕತ್ತಿ, ಹೆಗಲ ಮೇಲೆ ಶವ, ನಡೆಯುತ್ತಿರುವ ರಾಜ. 2020ರಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳು ನೆನಪಿಸಿಕೊಂಡದ್ದೂ ಈ ಚಿತ್ರವನ್ನೇ.

ಒಂದರ ಹಿಂದೆ ಒಂದು ಸಂಚಿಕೆ ಓದುವಾಗ ನನ್ನನ್ನು ಮೊದಲು ಹಿಡಿದದ್ದು ಪುನರಾವರ್ತನೆ. ಪ್ರತಿ ತಿಂಗಳೂ ರಾಜ ಮರದ ಬಳಿ ಬರುತ್ತಾನೆ, ಶವ ಇಳಿಸುತ್ತಾನೆ, ಮೌನವಾಗಿ ಸ್ಮಶಾನದತ್ತ ನಡೆಯುತ್ತಾನೆ. ಬೇತಾಳ ಕತೆ ಹೇಳಿ ಪ್ರಶ್ನೆ ಕೇಳುತ್ತದೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಿಡಿದು ಚೂರಾಗುತ್ತದೆ. ಹೇಳಿದರೆ ಮೌನ ಮುರಿಯುತ್ತದೆ, ಶವ ಮತ್ತೆ ಮರಕ್ಕೆ. ಮಂದಾರ್ತಿ ಮೇಳದ ಆಟವನ್ನು ಬೆಳಗಿನ ತನಕ ನೋಡುವ ಬ್ರಹ್ಮಾವರದ ಕಡೆಯವರಿಗೆ ಇದರ ರುಚಿಯನ್ನು ವಿವರಿಸಬೇಕಾಗಿಲ್ಲ. ಮುಂದೇನಾಗುತ್ತದೆ ಎಂದು ಗೊತ್ತಿದ್ದೇ ಕುಳಿತಿರುತ್ತಾರೆ. ಇನ್ನೊಂದು ಗುಣ, ಕತೆ ನೀತಿ ಹೇಳುವುದಿಲ್ಲ. ಪ್ರಶ್ನೆಗೆ ಬಂದು ನಿಲ್ಲುತ್ತದೆ. ಬೇತಾಳನ ಪ್ರಶ್ನೆಗೂ ರಾಜನ ಉತ್ತರಕ್ಕೂ ನಡುವಿನ ಆ ಒಂದು ಗಳಿಗೆ ಓದುಗನದು. ಮಕ್ಕಳನ್ನು ಇಷ್ಟು ಗೌರವದಿಂದ ಕಂಡ ಸರಣಿ ನಮ್ಮಲ್ಲಿ ಹೆಚ್ಚಿಲ್ಲ.

ಓದುತ್ತ ಹೋದಂತೆ ಈ ಲೋಕ ನನಗೆ ಪರಕೀಯ ಅನ್ನಿಸಲಿಲ್ಲ. ಅಕ್ಬರನ ಕಾಲದಲ್ಲಿ ಬಟ್ಟೆಯ ಮೇಲೆ ಬರೆಸಿದ ‘ಹಂಜಾನಾಮಾ’ದಲ್ಲಿ ಸುಮಾರು 1,400 ಚಿತ್ರಗಳಿದ್ದವು. ಒಂದು ಮುಖಕ್ಕೆ ಚಿತ್ರ, ಇನ್ನೊಂದು ಮುಖಕ್ಕೆ ಕತೆ. ಶಂಕರ್ ಅವರ ಬೇತಾಳನಿಗೂ ಆ ಚಿತ್ರಗಳ ದೈತ್ಯರಿಗೂ ದೂರದ ನೆಂಟಸ್ತಿಕೆ ಇದೆ. ಅಷ್ಟೇ ಅಲ್ಲ, ಬೇತಾಳ ಉರ್ದುವಿನ ಅಂಗಳದಲ್ಲೂ ನಡೆದಾಡಿದ್ದಾನೆ. ಹನ್ನೊಂದನೇ ಶತಮಾನದಲ್ಲಿ ಕಾಶ್ಮೀರದ ಸೋಮದೇವ ‘ಕಥಾಸರಿತ್ಸಾಗರ’ದಲ್ಲಿ ಸೇರಿಸಿದ ಈ ಕತೆಗಳನ್ನು ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಮಜ್ಹರ್ ಅಲಿ ಖಾನ್ ವಿಲಾ ಮತ್ತು ಲಲ್ಲೂಲಾಲ್ ಕೂಡಿ ‘ಬೈತಾಲ್ ಪಚೀಸಿ’ ಎಂದು ಹಿಂದೂಸ್ತಾನಿಗೆ ತಂದರು. ಅದು 1805ರಲ್ಲಿ ಅಚ್ಚಾಯಿತು. ಒಬ್ಬ ಮುಸಲ್ಮಾನ, ಒಬ್ಬ ಬ್ರಾಹ್ಮಣ, ನಡುವೆ ಒಂದು ಬೇತಾಳ. ಯಾರ ಕತೆ ಯಾರದು ಎಂದು ಲೆಕ್ಕ ಕೇಳುವವರಿಗೆ ಇಷ್ಟು ಸಾಕು. ನಮ್ಮ ಕಡಲ ದಂಡೆಯಲ್ಲಿ ಮೊಗವೀರರು ನಂಬುವ ಬೊಬ್ಬರ್ಯ ದೈವದ ಮೂಲವನ್ನು ಜನ ಮುಸಲ್ಮಾನರಲ್ಲಿ ಗುರುತಿಸುತ್ತಾರೆ. ಸತ್ತವರಿಗೆ ಇಲ್ಲಿ ಜಾತಿ ಮತ ಅಷ್ಟೊಂದು ಅಡ್ಡ ಬರುವುದಿಲ್ಲ.

ಇಷ್ಟು ಮೆಚ್ಚಿಕೊಂಡ ಮೇಲೆ ನನ್ನ ತಕರಾರನ್ನೂ ಹೇಳಬೇಕು. ತಕರಾರಿರುವುದು ಬೇತಾಳನ ಮೇಲಲ್ಲ, ರಾಜನ ಮೇಲೆ.

ಉತ್ತರ ಹೇಳುವವನು ರಾಜ. ಹಾಗಾಗಿ ಉತ್ತರವೂ ರಾಜನದೇ. ಹಳೆಯ ಇಪ್ಪತ್ತೈದರಲ್ಲಿ ವೀರವರನ ಕತೆ ಇದೆ. ಅರಸನ ಆಯುಷ್ಯ ಉಳಿಸಲು ಸೇವಕ ತನ್ನ ಮಗನನ್ನೇ ಬಲಿ ಕೊಡುತ್ತಾನೆ. ಅದನ್ನು ಕಂಡ ಅರಸ ತಾನೂ ಪ್ರಾಣ ಬಿಡಲು ಕತ್ತಿ ಎತ್ತುತ್ತಾನೆ. ಇವರಲ್ಲಿ ಯಾರು ದೊಡ್ಡವರು? ವಿಕ್ರಮನ ಉತ್ತರ: ಅರಸ. ಒಡೆಯನಿಗಾಗಿ ಸಾಯುವುದು ಆಳಿನ ಧರ್ಮ. ಆಳಿಗಾಗಿ ಸಾಯಲು ಹೊರಟ ಒಡೆಯನದೇ ಹಿರಿಮೆ. ಬಲಿಯಾದ ಮಗುವಿನ ತಾಯಿಯನ್ನು ಕೇಳಿದ್ದರೆ ಇದೇ ಉತ್ತರ ಬರುತ್ತಿತ್ತೆ? ‘ಚಂದಮಾಮ’ದ ಹೊಸ ಕತೆಗಳಲ್ಲಿ ಇಷ್ಟು ಕ್ರೌರ್ಯವಿಲ್ಲ. ಆದರೆ ನಾನು ಓದಿದವುಗಳಲ್ಲಿ ಬಹುಪಾಲು ಒಂದೇ ದಾರಿ ಹಿಡಿಯುತ್ತವೆ. ಗುರುವೋ ದೊರೆಯೋ ಅನ್ಯಾಯದಂತೆ ಕಾಣುವ ತೀರ್ಪು ಕೊಡುತ್ತಾರೆ. ಬೇತಾಳ ಅದನ್ನು ಪ್ರಶ್ನಿಸುತ್ತದೆ. ಅದು ಅನ್ಯಾಯವಲ್ಲ, ಅದರ ಹಿಂದೆ ಹಿರಿಯ ಉದ್ದೇಶವಿತ್ತು ಎಂದು ರಾಜ ಸಮಜಾಯಿಷಿ ಕೊಡುತ್ತಾನೆ. ಪ್ರಶ್ನೆ ಕೇಳುವ ದಿಟ್ಟತನ ಹೆಣಕ್ಕೆ, ಸಮರ್ಥಿಸುವ ಕೆಲಸ ಬದುಕಿದ್ದವನಿಗೆ!

ಕನ್ನಡದಲ್ಲಿ ಈ ರಾಜನಿಗೆ ಎದುರಾಡಿದವರು ಗಿರೀಶ ಕಾರ್ನಾಡರು. ಅದಲು ಬದಲಾದ ತಲೆಗಳ ಕತೆಯೂ ಬೇತಾಳನದೇ. ಗಂಡನ ತಲೆ ಯಾರ ಮೈ ಮೇಲಿದೆಯೋ ಅವನೇ ಗಂಡ, ಅಂಗಗಳಲ್ಲಿ ತಲೆಯೇ ಶ್ರೇಷ್ಠ ಎಂದು ವಿಕ್ರಮ ಒಂದೇ ಮಾತಿನಲ್ಲಿ ಮುಗಿಸುತ್ತಾನೆ. 1971ರ ‘ಹಯವದನ’ದಲ್ಲಿ ಕಾರ್ನಾಡರು, ಥಾಮಸ್ ಮನ್ನನ ಕಾದಂಬರಿಯ ದಾರಿಯಲ್ಲಿ, ಉತ್ತರ ಮುಗಿದಲ್ಲಿಂದಲೇ ನಾಟಕ ಶುರು ಮಾಡುತ್ತಾರೆ. ತಲೆಗೆ ಸಿಕ್ಕ ಗೆಲುವು ಪದ್ಮಿನಿಯ ಬಾಳನ್ನು ಬಗೆಹರಿಸುವುದಿಲ್ಲ. ನಮ್ಮ ತಾಳಮದ್ದಳೆಯಲ್ಲೂ ಹೀಗೇ. ಪ್ರಸಂಗ ಒಂದೇ ಆದರೂ ಅರ್ಥಧಾರಿ ಬದಲಾದರೆ ಉತ್ತರ ಬದಲಾಗುತ್ತದೆ. ಜಬ್ಬಾರ್ ಸಮೋ ಅವರಂಥವರು ಪುರಾಣದ ಪಾತ್ರವೊಂದನ್ನು ವಹಿಸಿ ವಾದಕ್ಕಿಳಿದಾಗ ಸಭಿಕರು ಕೇಳುವುದು ವಾದವನ್ನು, ಹೆಸರನ್ನಲ್ಲ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಸೋಮದೇವನಲ್ಲಿ ಬೇತಾಳನ ಕತೆಗೆ ಕೊನೆ ಇದೆ. ಬೇತಾಳದ ಕಡೆಯ ಪ್ರಶ್ನೆ ಇದು: ತಂದೆ ಮಗಳನ್ನೂ, ಅವನ ಮಗ ಅವಳ ತಾಯಿಯನ್ನೂ ಮದುವೆಯಾದರೆ ಅವರಿಗೆ ಹುಟ್ಟುವ ಮಕ್ಕಳು ಪರಸ್ಪರ ಏನಾಗಬೇಕು? ರಾಜನಿಗೆ ಉತ್ತರ ತಿಳಿಯುವುದಿಲ್ಲ. ಸುಮ್ಮನೆ ನಡೆಯುತ್ತಾನೆ. ಬೇತಾಳ ಮೆಚ್ಚುತ್ತದೆ. ನಿನ್ನನ್ನು ಕಳಿಸಿದ ಸನ್ಯಾಸಿ ನಿನ್ನನ್ನೇ ಬಲಿ ಕೊಡಲಿದ್ದಾನೆ ಎಂಬ ಗುಟ್ಟನ್ನು ಬಿಟ್ಟುಕೊಡುತ್ತದೆ. ಅಂದರೆ ಅಷ್ಟೂ ಜಾಣ ಉತ್ತರಗಳಿಂದ ಸಿಗದ ಪ್ರಾಣ, ಗೊತ್ತಿಲ್ಲ ಎಂಬ ಒಂದು ಮೌನದಿಂದ ಸಿಕ್ಕಿತು. ತಿಂಗಳು ತಿಂಗಳೂ ಬರಬೇಕಾದ ಪತ್ರಿಕೆಗೆ ಈ ಕೊನೆ ಬೇಡವಾಗಿತ್ತು. ರಾಜ ಸುಮ್ಮನಾದರೆ ಸರಣಿ ಮುಗಿಯುತ್ತದೆ. ಹಾಗಾಗಿ ಹೊಸ ಹೊಸ ಕತೆಗಳನ್ನು ಹಳೆಯ ಚೌಕಟ್ಟಿಗೆ ಕೂರಿಸಿದರು. ನನ್ನ ಕೈಯಲ್ಲಿರುವ ಕಟ್ಟಿನಲ್ಲಿ ಒಂದು ತಿಂಗಳೂ ರಾಜ ಸೋತಿಲ್ಲ. ಎಲ್ಲವೂ ತಿಳಿದ ರಾಜನನ್ನು ನೋಡುತ್ತಲೇ ಹಲವು ತಲೆಮಾರುಗಳು ಬೆಳೆದವು.

ಬೇತಾಳ ಎರಡು ಬಗೆಯ ಮೌನವನ್ನು ಬೇರೆ ಮಾಡಿ ತೋರಿಸುತ್ತದೆ. ಗೊತ್ತಿಲ್ಲದ್ದಕ್ಕೆ ಸುಮ್ಮನಿರುವುದು ಪ್ರಾಮಾಣಿಕತೆ. ಗೊತ್ತಿದ್ದೂ ಸುಮ್ಮನಿರುವುದು ತಲೆ ಸಿಡಿಯಬೇಕಾದ ಅಪರಾಧ. ಕಂಡ ಸತ್ಯದ ಗವಾಹಿಯನ್ನು ಮುಚ್ಚಿಡುವುದು ಗುನಾಹ್ ಎಂದು ಮದರಸದಲ್ಲಿ ಕಲಿತ ನನಗೆ ಈ ಶರತ್ತು ಹೊಸದಲ್ಲ. ನಮ್ಮ ಕರಾವಳಿಯಲ್ಲಿ ಈಗ ಇವೆರಡೂ ತಲೆಕೆಳಗಾಗಿವೆ. ನೆರೆಮನೆಯ ಒಲೆಯಲ್ಲಿ ಏನು ಬೇಯುತ್ತದೆ ಎಂದು ಒಮ್ಮೆಯೂ ನೋಡದವರ ಬಳಿ ನೆರೆಮನೆಯ ಬಗ್ಗೆ ಸಿದ್ಧ ಉತ್ತರಗಳಿವೆ. 2022ರ ಫೆಬ್ರವರಿಯಲ್ಲಿ ಕುಂದಾಪುರದ ಕಾಲೇಜಿನ ಗೇಟಿನ ಹೊರಗೆ ಹುಡುಗಿಯರು ನಿಂತಿದ್ದ ದಿನ, ಆ ಮಕ್ಕಳನ್ನು ಚೆನ್ನಾಗಿ ಬಲ್ಲ ಎಷ್ಟೋ ಮಂದಿ ಸುಮ್ಮನಿದ್ದರು. ಅವರಿಗೆ ಉತ್ತರ ಗೊತ್ತಿರಲಿಲ್ಲ ಎಂದು ನಾನು ಒಪ್ಪಲಾರೆ.

ಬೊಟ್ಟನ್ನು ಹೊರಗೆ ಮಾತ್ರ ತೋರಿಸಿದರೆ ಅದೂ ರಾಜನ ಉತ್ತರವೇ ಆಗುತ್ತದೆ. ಸಾರಾ ಅಬೂಬಕ್ಕರ್ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯಲ್ಲಿ ತಲಾಖಿನ ಸಂಕಟವನ್ನು ಪ್ರಶ್ನೆಯಾಗಿ ಇಟ್ಟಾಗ, ನಮ್ಮ ಹಿರಿಯರಲ್ಲಿ ಅನೇಕರು ಪ್ರಶ್ನೆ ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ಉತ್ತರ ಕೊಟ್ಟರು. ನಾದಿರಾಳ ಪಾಲಿಗೆ ಆ ಉತ್ತರಗಳಿಂದ ಏನೂ ಆಗಲಿಲ್ಲ. ನಾವೂ ‘ಚಂದಮಾಮ’ದ ರಾಜನಂತೆಯೇ, ಪ್ರತಿ ಸಲ ಸರಿಯಾಗಿ ಉತ್ತರಿಸಿ ಬರಿಗೈಯಲ್ಲಿ ಮರದ ಬುಡಕ್ಕೆ ಮರಳಿದವರು.

ಬೇತಾಳನ ಕತೆಗಳನ್ನು ಮತ್ತೆ ಅಚ್ಚು ಹಾಕಿಸುವವರು, ಮಕ್ಕಳಿಗೆ ಹೇಳುವ ತಾಯಂದಿರು, ಶಾಲೆಯಲ್ಲಿ ಓದಿಸುವ ಮೇಷ್ಟ್ರುಗಳು ಆ ಕೊನೆಯ ಕತೆಯನ್ನು ಬಿಡಬಾರದು ಎಂದು ನನ್ನ ಕೋರಿಕೆ. ಅದರ ಪ್ರಶ್ನೆ ಮಕ್ಕಳಿಗೆ ಕಠಿಣ ಅನ್ನಿಸಿದರೆ ಬೇರೊಂದು ಪ್ರಶ್ನೆ ಇಟ್ಟುಕೊಳ್ಳಲಿ. ಆದರೆ ದೊಡ್ಡ ರಾಜನೊಬ್ಬ ‘ನನಗೆ ತಿಳಿಯದು’ ಎಂದು ಸುಮ್ಮನಾಗುವುದನ್ನು ಅವರು ಒಮ್ಮೆಯಾದರೂ ಕೇಳಲಿ. ನಾನು ಅದನ್ನು ಕೇಳಲು ನಲವತ್ತು ವರ್ಷ ಕಾಯಬೇಕಾಯಿತು.