ಓತಿಯ ಬೆರಳಂಚು: ಪಾಠದ ಒಂದು ವಾಕ್ಯದ ವಿಮರ್ಶೆ

'ಮರಳಿನಲ್ಲಿ ಓಡುವುದಕ್ಕಾಗಿ ಈ ಓತಿಯ ಬೆರಳಿಗೆ ಅಂಚು ಬೆಳೆದಿದೆ.' ಮರುಭೂಮಿಯ ಜೀವಿಗಳನ್ನು ಕುರಿತ ಪಾಠಗಳಲ್ಲಿ ಇಂತಹ ವಾಕ್ಯವನ್ನು ನೀವು ಓದಿರಬಹುದು, ಬೋಧಿಸಿಯೂ ಇರಬಹುದು. ಇದು ಎಷ್ಟು ಸರಿ?

ಯೂಮಾ ಜಾತಿಯ ಓತಿಗಳನ್ನೇ ತೆಗೆದುಕೊಳ್ಳಿ. ಅಮೆರಿಕದ ನೈರುತ್ಯ ಭಾಗ ಹಾಗೂ ಉತ್ತರ ಮೆಕ್ಸಿಕೊದ ಮರಳುದಿಣ್ಣೆಗಳು ಇದರ ಪ್ರಭೇದಗಳ ನೆಲೆ. ಹಿಂಗಾಲ ಬೆರಳುಗಳ ಬದಿಯಲ್ಲಿ ಚೂಪಾದ ಹುರುಪೆಗಳು ಬಾಚಣಿಗೆಯ ಹಲ್ಲುಗಳಂತೆ ಸಾಲಾಗಿವೆ. ಮೊಹಾವಿ ಮರುಭೂಮಿಯ ಯೂಮಾ ಸ್ಕೋಪೇರಿಯಾ ಪ್ರಭೇದದ ಮೇಲೆ ಕಾರೊದರ್ಸ್ ನಡೆಸಿದ ಪ್ರಯೋಗ 1986ರಲ್ಲಿ ಪ್ರಕಟವಾಯಿತು. ಅಂಚನ್ನು ತೆಗೆದಾಗ ಮರಳಿನ ಮೇಲೆ ಓಟ ಕುಂಠಿತವಾಯಿತು. ರಬ್ಬರ್ ಹಾಸಿನ ಮೇಲೆ ಆಗಲಿಲ್ಲ. ಈ ಎರಡನೆಯ ಹೋಲಿಕೆಯೇ ಪ್ರಯೋಗದ ಜೀವಾಳ. ಅದಿಲ್ಲದಿದ್ದರೆ ಗಾಯದ ನೋವಿನಿಂದ ಓಟ ತಗ್ಗಿತೆಂದು ವಾದಿಸಬಹುದಿತ್ತು.

ಆದರೆ ಪ್ರಯೋಗ ತೋರಿಸುವುದು ಅಂಚಿನ ಇಂದಿನ ಉಪಯೋಗವನ್ನು, ಅದು ಬಂದ ಬಗೆಯನ್ನಲ್ಲ. ಅದಕ್ಕೆ ಬೇರೆ ಸಾಕ್ಷ್ಯ ಬೇಕು. ಅದೇ ವರ್ಷ ಪ್ರಕಟವಾದ ಲ್ಯೂಕ್ ಅವರ ತೌಲನಿಕ ಅಧ್ಯಯನದ ಪ್ರಕಾರ, ಹಲ್ಲಿ-ಓತಿಗಳ ವಿವಿಧ ವಂಶಗಳಲ್ಲಿ ಬೆರಳಂಚು ಕನಿಷ್ಠ 26 ಬಾರಿ ಸ್ವತಂತ್ರವಾಗಿ ವಿಕಾಸಗೊಂಡಿದೆ. ಅದರ ಆಕಾರಕ್ಕೂ ಮರಳು, ನೀರು ಮುಂತಾದ ನೆಲೆಗೂ ನಂಟಿದೆ.

ಹಾಗಾದರೆ ವಾಕ್ಯದ ದೋಷವೆಲ್ಲಿ? 'ಅಕ್ಕಾಗಿ' ಎಂಬಲ್ಲಿ. ಓತಿ ಬಯಸಿ ಅಂಚು ಪಡೆಯಲಿಲ್ಲ. ಅಂಚು ತುಸು ಹೆಚ್ಚಿದ್ದವು ಮರಳಿನಲ್ಲಿ ಹೆಚ್ಚು ಬದುಕುಳಿದು ಸಂತತಿ ಬೆಳೆಸಿದವು. ತಲೆಮಾರುಗಳಲ್ಲಿ ಆ ಲಕ್ಷಣ ನೆಲೆಯೂರಿತು. ನಿಸರ್ಗದ ಆಯ್ಕೆ ಎಂದರೆ ಇದೇ. ಒಂದು ಪ್ರತ್ಯಯ ತಪ್ಪಿದರೆ ಡಾರ್ವಿನ್ನನ ಪಾಠವೇ ತಲೆಕೆಳಗಾಗುತ್ತದೆ. ಮುಂದಿನ ಬಾರಿ ಈ ಪಾಠ ಮಾಡುವಾಗ ವಾಕ್ಯವನ್ನು ತಿದ್ದಿ ಹೇಳಿ. 'ಇದು ಹೇಗೆ ತಿಳಿಯಿತು?' ಎಂದು ಮಕ್ಕಳು ಕೇಳಲಿ.